ಹುನಗುಂದ ಸೀಮೆಯ ಹಳೆಯ ಉದ್ಯೋಗ-ವ್ಯಾಪಾರಗಳು

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಶ್ರೀಮಠದ ಈ ಮಂಗಲಪ್ರಸಂಗದಲ್ಲಿ ನಮ್ಮ ಸೀಮೆಯ ಪೂರ್ವದ ಉದ್ಯೋಗಗಳನ್ನೂ ವ್ಯಾಪಾರಗಳನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಧರ್ಮಸಭೆಯಲ್ಲಿ ಮಗ್ಗ, ಗಾಣ, ಅಂಗಡಿ, ಸಾಲಗಳ ಮಾತು ಏತಕ್ಕೆಂದು ಕೆಲವರಿಗೆ ಅನಿಸಬಹುದು. ಆದರೆ ಮಠದ ದಾಸೋಹದ ಒಲೆಯು ಉರಿಯುವದು ಭಕ್ತನ ಕಾಯಕದಿಂದ. ಉಗ್ರಾಣಕ್ಕೆ ಬಂದು ಬೀಳುವ ಪ್ರತಿಯೊಂದು ಸೇರು ಜೋಳದ ಹಿಂದೆ ಒಬ್ಬ ಒಕ್ಕಲಿಗನ ಬೆವರಿದೆ. ಪ್ರತಿಯೊಂದು ಕಾಣಿಕೆಯ ಹಿಂದೆ ಒಬ್ಬ ನೇಕಾರನ ಅಥವಾ ಒಬ್ಬ ಅಂಗಡಿಕಾರನ ದುಡಿಮೆಯಿದೆ. ಆ ದುಡಿಮೆಯ ಇತಿಹಾಸವನ್ನು ಅರಿಯದೆ ಮಠದ ಇತಿಹಾಸವನ್ನು ಪೂರ್ಣವಾಗಿ ಅರಿಯುವದು ಸಾಧ್ಯವಿಲ್ಲ. ಆದುದರಿಂದ ಈ ವಿಷಯವು ಧರ್ಮಸಭೆಗೆ ಹೊರತಾದುದಲ್ಲವೆಂದು ನಂಬಿ ಮುಂದುವರಿಯುತ್ತೇನೆ.

ನಮ್ಮ ಸೀಮೆಯೆಂದರೆ ಹಳೆಯ ಹುನಗುಂದ ತಾಲೂಕು ಮತ್ತು ಅದರ ನೆರೆಹೊರೆ. ಪೂರ್ವದಲ್ಲಿ ಇದು ಕಲಾದಗಿ ಜಿಲ್ಲೆಗೆ ಸೇರಿತ್ತು. ಮುಂದೆ ವಿಜಾಪುರ ಜಿಲ್ಲೆಯಾಯಿತು. ೧೯೯೭ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಕೃಷ್ಣಾ-ಮಲಪ್ರಭೆಗಳ ಸಂಗಮವಾದ ಕೂಡಲಸಂಗಮವು ಇಲ್ಲಿಯೇ ಇರುವದು. ಮಲಪ್ರಭೆಯ ದಂಡೆಯ ಐಹೊಳೆಯೂ ಇಲ್ಲಿಯದೇ. ಎರೆಯ ಭೂಮಿಯಲ್ಲಿ ಜೋಳ, ಹತ್ತಿಗಳು ಬೆಳೆಯುತ್ತವೆ. ಉಳಿದೆಡೆ ಕಲ್ಲುನೆಲವೇ ಹೆಚ್ಚು. ಮಳೆಯು ಕಡಮೆ, ಅದೂ ನಂಬಿಕೆಗೆ ತಕ್ಕುದಲ್ಲ. ಒಂದು ವರ್ಷ ಬೆಳೆದರೆ ಇನ್ನೊಂದು ವರ್ಷ ಬೆಳೆಯದ ಇಂಥ ನಾಡಿನಲ್ಲಿ ಕೇವಲ ನೇಗಿಲನ್ನು ನಂಬಿ ಬದುಕುವದು ಕಠಿಣವು. ಹತ್ತಿಯನ್ನು ಬೆಳೆಯುವ ನಾಡು ಅದನ್ನು ನೂಲಾಗಿಸಿತು, ನೂಲನ್ನು ಸೀರೆಯಾಗಿಸಿತು. ಕಲ್ಲು ಹಾಸಿದ ನಾಡು ಅದನ್ನು ಕಡೆದು ಗುಡಿಯಾಗಿಸಿತು. ನೆಲದ ಬಡತನವೇ ಇಲ್ಲಿಯ ಜನರ ಕೈಗಳಿಗೆ ಕುಶಲತೆಯನ್ನು ಕಲಿಸಿತೆಂದರೆ ತಪ್ಪಾಗಲಾರದು.

ಮೊದಲು ವ್ಯಾಪಾರದ ಮಾತು. ಇಂದು ಐಹೊಳೆಯು ಚಿಕ್ಕ ಹಳ್ಳಿ. ಅಲ್ಲಿಗೆ ಹೋದವರು ಗುಡಿಗಳನ್ನು ನೋಡಿ, ಮೇಗುತಿಯಲ್ಲಿರುವ ೬೩೪ನೆಯ ವರ್ಷದ ರವಿಕೀರ್ತಿಯ ಶಾಸನವನ್ನು ನೋಡಿ ಬರುತ್ತಾರೆ. ಆದರೆ ಆ ಹಳ್ಳಿಯು ಒಂದು ಕಾಲಕ್ಕೆ ದಕ್ಷಿಣ ಭಾರತದ ವರ್ತಕರಿಗೆಲ್ಲ ತವರುಮನೆಯಾಗಿತ್ತೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕಸಂಘವು ಈ ಊರಿನ ಹೆಸರನ್ನೇ ಹೊತ್ತು ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿಯೂ ಸಿಂಹಳದಲ್ಲಿಯೂ ವ್ಯಾಪಾರಮಾಡಿತು. ಸುಮಾತ್ರಾ ದ್ವೀಪದ ಪಶ್ಚಿಮ ತೀರದಲ್ಲಿ ಸಿಕ್ಕ ೧೦೮೮ರ ತಮಿಳು ಶಾಸನದಲ್ಲಿಯೂ ಈ ಐನೂರ್ವರ ಉಲ್ಲೇಖವಿದೆ. ಮಲಪ್ರಭೆಯ ದಂಡೆಯ ಊರಿನ ಹೆಸರು ಸಮುದ್ರವನ್ನು ದಾಟಿ ಅಷ್ಟು ದೂರ ಹೋದುದು ಸಾಮಾನ್ಯ ಸಂಗತಿಯಲ್ಲ.

ಇವರ ಶಾಸನಗಳಿಂದ ನಾವು ತಿಳಿಯಬೇಕಾದುದು ಮತ್ತೊಂದಿದೆ. ಇವರು ತಮ್ಮ ವ್ಯಾಪಾರವನ್ನು 'ವೀರಬಣಂಜು ಧರ್ಮ'ವೆಂದು ಕರೆದುಕೊಂಡರು. ವ್ಯಾಪಾರಕ್ಕೂ ಒಂದು ಧರ್ಮವಿದೆ, ಅದಕ್ಕೂ ಕಟ್ಟುಪಾಡುಗಳಿವೆ ಎಂಬ ಭಾವನೆಯು ಅವರಲ್ಲಿತ್ತು. ತಾವು ಮಾರುವ ಸರಕಿನ ಮೇಲೆ ತಾವೇ ಒಂದು ಪಾಲನ್ನು ಗೊತ್ತುಮಾಡಿಕೊಂಡು ಗುಡಿಗೋ ಕೆರೆಗೋ ಸತ್ರಕ್ಕೋ ಬಿಟ್ಟುಕೊಡುತ್ತಿದ್ದರು. ಒಬ್ಬನಿಂದಾಗದ ದೂರದ ವ್ಯಾಪಾರವು ಅನೇಕರು ಕೂಡಿದುದರಿಂದ ಸಾಧ್ಯವಾಯಿತು. ಕೂಡಿ ನಡೆಯುವ ಈ ಬುದ್ಧಿಯೇ ನಮ್ಮ ಸೀಮೆಯ ಅತಿ ಹಳೆಯ ಬಂಡವಾಳವು.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಉದ್ಯೋಗದ ವಿಚಾರದಲ್ಲಿಯೇ ಒಂದು ಮಹತ್ತರವಾದ ಮಾರ್ಪಾಡು ಕಾಣುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನಡೆಯಿಸಿದವರು. ಲೆಕ್ಕವನ್ನೂ ಹಣವನ್ನೂ ಬಲ್ಲವರು. ಅವರ ಸುತ್ತ ನೆರೆದ ಶರಣರಾದರೂ ಯಾರು? ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಮೇದಾರ ಕೇತಯ್ಯನವರು, ನುಲಿಯ ಚಂದಯ್ಯನವರು, ಗಾಣದ ಕಣ್ಣಪ್ಪನವರು, ಒಕ್ಕಲಿಗ ಮುದ್ದಣ್ಣನವರು. ಅವರಿಗಿಂತ ಪೂರ್ವದವರೆಂದು ಎಣಿಸಲ್ಪಡುವ ಮುದನೂರಿನ ಜೇಡರ ದಾಸಿಮಯ್ಯನವರು ಮಗ್ಗದ ಮೇಲೆ ಕುಳಿತು ವಚನಗಳನ್ನು ನುಡಿದವರು. ಲೋಕವು ಕೀಳೆಂದು ಎಣಿಸಿದ ಉದ್ಯೋಗದ ಹೆಸರನ್ನೇ ಇವರು ತಮ್ಮ ಹೆಸರಿನ ಮುಂದೆ ಬಿರುದಿನಂತೆ ಧರಿಸಿದರು. ಉದ್ಯೋಗದಲ್ಲಿ ಮೇಲು-ಕೀಳುಗಳಿಲ್ಲವೆಂಬ ತತ್ತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ಸಾರುವ ರೀತಿ ಬೇರೆ ಯಾವುದಿದೆ?

ಕಾಯಕವೆಂದರೆ ಬರಿಯ ದುಡಿಮೆಯಲ್ಲ. ಅದಕ್ಕೆ ಮಿತಿಯೂ ಉಂಟು, ನ್ಯಾಯವೂ ಉಂಟು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವರ ಪುಣ್ಯಸ್ತ್ರೀ ಲಕ್ಕಮ್ಮನವರು ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಕಳುಹಿದ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ತನ್ನ ಪಾಲಿಗೆ ಮೀರಿದುದು ಇನ್ನೊಬ್ಬರ ಪಾಲು ಎಂಬುದು ಆ ಕಥೆಯ ಸಾರವು. ನಾನು ಮುಂದೆ ಹೇಳುವ ನೇಕಾರಿಕೆಯ ಮಾತಿಗೆ ಈ ಕಥೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂದು ವಿನಂತಿ.

ಹಳ್ಳಿಯ ಒಳಗಿನ ಉದ್ಯೋಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಡಿಗನು ಕೂರಿಗೆ-ಬಂಡಿಗಳನ್ನೂ, ಕಮ್ಮಾರನು ಕುಳ-ಕುಡಗೋಲುಗಳನ್ನೂ, ಕುಂಬಾರನು ಗಡಿಗೆ-ಹರವಿಗಳನ್ನೂ, ಸಮಗಾರನು ಮೆಟ್ಟು-ಬಾರಕೋಲುಗಳನ್ನೂ, ಮೇದಾರನು ಬುಟ್ಟಿ-ಮರಗಳನ್ನೂ ಮಾಡಿಕೊಡುತ್ತಿದ್ದನು. ಕುರುಬರ ಮನೆಗಳಲ್ಲಿ ಕಂಬಳಿಯು ಸಿದ್ಧವಾಗುತ್ತಿತ್ತು. ಗಾಣಿಗನ ಎತ್ತು ಸುತ್ತುತ್ತ ಕುಸುಬೆಯ ಎಣ್ಣೆಯನ್ನು ಇಳಿಸುತ್ತಿತ್ತು. ಇವರಲ್ಲಿ ಅನೇಕರಿಗೆ ಕೂಲಿಯು ಹಣದಲ್ಲಿ ಸಲ್ಲುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳನ್ನು ಒಯ್ಯುವದೇ ಪದ್ಧತಿಯಾಗಿತ್ತು. ಆ ಪದ್ಧತಿಯಲ್ಲಿ ಜಾತಿಯ ಕಟ್ಟೂ ಅನ್ಯಾಯವೂ ಇದ್ದುದನ್ನು ಮರೆಮಾಚಬಾರದು. ಆದರೆ ಒಬ್ಬನ ಬದುಕು ಇನ್ನೊಬ್ಬನ ಕೈಯಲ್ಲಿದೆಯೆಂಬ ಅರಿವನ್ನು ಅದು ಎಲ್ಲರಿಗೂ ಉಂಟುಮಾಡಿತ್ತು. ಬಾವಿಗೆ ಯಂತ್ರವೂ ಅಡಿಗೆಗೆ ಡಬ್ಬಿಯ ಎಣ್ಣೆಯೂ ಬಂದ ಮೇಲೆ ಈ ಕಸಬುಗಳು ಒಂದೊಂದಾಗಿ ಇಳಿಮುಖವಾದವು.

ಇನ್ನು ನಮ್ಮ ಸೀಮೆಯ ಮುಖ್ಯವಾದ ಉದ್ಯೋಗಕ್ಕೆ ಬರೋಣ. ಇಳಕಲ್ಲು, ಸೂಳೇಭಾವಿ, ಕಮತಗಿ, ಗುಳೇದಗುಡ್ಡ ಮುಂತಾದ ಊರುಗಳಲ್ಲಿ ನೇಕಾರಿಕೆಯು ತಲೆಮಾರುಗಳಿಂದ ನಡೆದುಬಂದಿದೆ. ದೇವಾಂಗ, ಪಟ್ಟಸಾಲಿ, ಕುರುವಿನಶೆಟ್ಟಿ, ಸ್ವಕುಳಸಾಳಿ ಮೊದಲಾದ ನೇಕಾರ ಸಮಾಜಗಳ ಕೈಯಲ್ಲಿ ಇದು ಬೆಳೆಯಿತು. ನೇಕಾರಿಕೆಯೆಂದೊಡನೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಲಾಳಿಯನ್ನು ಎಸೆಯುವ ಗಂಡಸಿನ ಚಿತ್ರವು ಕಣ್ಣಮುಂದೆ ನಿಲ್ಲುತ್ತದೆ. ಆದರೆ ಆ ಒಬ್ಬನು ಮಗ್ಗದ ಮೇಲೆ ಕುಳಿತುಕೊಳ್ಳಬೇಕಾದರೆ ಅದಕ್ಕೆ ಮುಂಚೆ ಎಷ್ಟು ಕೈಗಳು ದುಡಿಯಬೇಕಾಗಿತ್ತೆಂಬುದನ್ನು ಎಣಿಸಿ ನೋಡಿರಿ. ಹೊಲದಲ್ಲಿ ಹತ್ತಿಯನ್ನು ಬಿಡಿಸುವದು, ಕಾಳನ್ನು ಬೇರ್ಪಡಿಸುವದು, ಅರಳೆಯನ್ನು ಹಿಂಜುವದು, ಹಂಜಿಯನ್ನು ಮಾಡಿ ರಾಟೆಯಲ್ಲಿ ನೂಲುವದು, ಲಡಿಗಳನ್ನು ಬಣ್ಣಕ್ಕೆ ಹಾಕುವದು, ಹಾಸನ್ನು ಹೂಡುವದು, ಗಂಜಿಯನ್ನು ಕೊಟ್ಟು ಬಿಗಿದು ಒಣಗಿಸುವದು, ಕಂಡಿಕೆಗಳನ್ನು ಸುತ್ತುವದು, ಹಣಿಗೆಯಲ್ಲಿ ಎಳೆಗಳನ್ನು ತುಂಬುವದು - ಇಷ್ಟಾದ ಮೇಲೆ ನೇಯ್ಗೆ. ಇವುಗಳಲ್ಲಿ ಹೆಚ್ಚಿನ ಕೆಲಸಗಳು ಹೆಂಗಸರವು, ಮುದುಕರವು. ಮಗ್ಗವು ಒಬ್ಬನದಾದರೂ ಸೀರೆಯು ಇಡೀ ಮನೆಯದು.

ಬಣ್ಣದ ಕೆಲಸವು ಒಂದು ಸ್ವತಂತ್ರವಾದ ವಿದ್ಯೆಯೇ ಆಗಿತ್ತು. ನೀಲಿಯ ಗಿಡದಿಂದ ನೀಲಿಬಣ್ಣವನ್ನೂ, ಸುರಂಜಿಯೆಂದು ಕರೆಯುವ ಗಿಡದ ಬೇರಿನ ತೊಗಟೆಯಿಂದ ಕೆಂಪುಬಣ್ಣವನ್ನೂ ತೆಗೆಯುತ್ತಿದ್ದರು. ನೀಲಿಯ ತೊಟ್ಟಿಯಿಂದ ನೂಲನ್ನು ಎತ್ತಿದಾಗ ಅದು ಹಸುರಾಗಿ ಕಂಡು, ಗಾಳಿಯು ತಾಗಿದಂತೆ ನೀಲಿಯಾಗುತ್ತದೆ. ಎಷ್ಟು ಸಲ ಅದ್ದಬೇಕು, ಎಷ್ಟು ಹೊತ್ತು ಗಾಳಿಗೆ ಹಿಡಿಯಬೇಕೆಂಬುದನ್ನು ನೀಲಗಾರನ ಕಣ್ಣು ಮಾತ್ರ ಬಲ್ಲದು. ಕೆಂಪು ನಿಲ್ಲಬೇಕಾದರೆ ನೂಲಿಗೆ ಎಣ್ಣೆಯನ್ನೂ ಕ್ಷಾರವನ್ನೂ ಉಣಿಸಿ, ಪಟಕದಲ್ಲಿ ಹದಮಾಡಿ, ಆ ಮೇಲೆ ಬೇರಿನ ರಸದಲ್ಲಿ ಕುದಿಸಬೇಕು. ಈ ವಿದ್ಯೆಯು ಪುಸ್ತಕದಲ್ಲಿರಲಿಲ್ಲ. ತಂದೆಯ ಕೈಯಿಂದ ಮಗನ ಕೈಗೆ ಬರುತ್ತಿತ್ತು.

ಇಳಕಲ್ಲಿನ ಸೀರೆಯ ವಿಶೇಷವು ಅದರ ಸೆರಗಿನಲ್ಲಿದೆ. ಒಡಲು ಹತ್ತಿಯ ನೂಲಿನದಾದರೆ ಸೆರಗು ರೇಷ್ಮೆಯದು. ಸೆರಗಿನಲ್ಲಿ ಮೂರು ಕೆಂಪು ಪಟ್ಟಿಗಳು. ಅವುಗಳ ನಡುವೆ ಎರಡು ಬಿಳಿಯ ಪಟ್ಟಿಗಳು. ಅದರಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲುಗಳ ಆಕಾರಗಳು ಮೂಡುತ್ತವೆ. ನಮ್ಮ ನೇಕಾರನು ತನ್ನ ಕಣ್ಣಿಗೆ ನಿತ್ಯವೂ ಬೀಳುವ ಹೊಲವನ್ನೂ ಕೋಟೆಯನ್ನೂ ಗುಡ್ಡವನ್ನೂ ಹೆಣ್ಣುಮಕ್ಕಳ ಹೆಗಲಿನ ಮೇಲೆ ಹಾಸಿದ್ದಾನೆ. ದಡಿಗಳಲ್ಲಿ ಗೋಮಿ, ಗಾಡಿ, ಚಿಕ್ಕಿ ಪರಾಸ, ಜರಿ ಮುಂತಾದ ಭೇದಗಳಿವೆ. ಮದುವೆಗೆ ಗಿರಿಕುಂಕುಮದ ಬಣ್ಣದ ಸೀರೆಯು ಬೇಕೇ ಬೇಕು. ಇಂಥ ಸೀರೆಯ ಮೇಲೆ ಮನೆಯ ಹೆಣ್ಣುಮಕ್ಕಳು ಎಳೆಗಳನ್ನು ಎಣಿಸಿ ಕಸೂತಿಯನ್ನು ಹಾಕಿದರೆ ಅದರ ಸೊಬಗು ಇಮ್ಮಡಿಯಾಗುತ್ತದೆ.

ಹತ್ತಿಯ ಒಡಲಿಗೂ ರೇಷ್ಮೆಯ ಸೆರಗಿಗೂ ಹಾಸುಗಳು ಬೇರೆ ಬೇರೆ. ಬೇರೆಯಾದ ಈ ಎರಡು ಹಾಸುಗಳನ್ನು ಕೂಡಿಸುವ ಉಪಾಯಕ್ಕೆ 'ಕೊಂಡಿ'ಯೆಂದು ಹೆಸರು. ಒಡಲಿನ ಎಳೆಗಳ ಕುಣಿಕೆಯಲ್ಲಿ ಸೆರಗಿನ ಎಳೆಗಳ ಕುಣಿಕೆಯನ್ನು ಒಂದರಲ್ಲೊಂದು ಸಿಲುಕಿಸುತ್ತ ಹೋಗಬೇಕು. ಸೀರೆಯ ಅಗಲದಲ್ಲಿ ಇರುವ ಎಳೆಗಳೆಷ್ಟೋ ಅಷ್ಟಕ್ಕೂ ಈ ಕೆಲಸವು ನಡೆಯಬೇಕು. ಒಂದು ತಪ್ಪಿದರೂ ಅಲ್ಲಿ ಬಿರುಕು ಕಾಣುತ್ತದೆ. ಹೀಗೆ ಕೊಂಡಿಯನ್ನು ಹಾಕುವದರಿಂದ ಹಾಸನ್ನು ಒಂದೊಂದು ಸೀರೆಗೇ ಅಳೆದು ಹೂಡಬೇಕಾಗುತ್ತದೆ. ಆರು ಗಜದ್ದಾದರೆ ಆರು, ಎಂಟಾದರೆ ಎಂಟು, ಒಂಬತ್ತಾದರೆ ಒಂಬತ್ತು. ಹತ್ತಾರು ಸೀರೆಗಳಿಗೆ ಒಂದೇ ಉದ್ದವಾದ ಹಾಸನ್ನು ಹೂಡಿ ಸರಸರನೆ ನೇಯುತ್ತ ಹೋಗುವಂತಿಲ್ಲ. ಇದರಿಂದ ಕೆಲಸವು ನಿಧಾನ, ಖರ್ಚು ಹೆಚ್ಚು. ಆದರೆ ಇದೇ ನಿಧಾನವು ಈ ಸೀರೆಯನ್ನು ಹೇಗೆ ಕಾಯ್ದಿತೆಂಬುದನ್ನು ಮುಂದೆ ನೋಡುವೆವು.

ಒಂದು ಉದ್ಯೋಗವು ನೆಲೆಯೂರಿದರೆ ಅದರ ಸುತ್ತ ನಾಲ್ಕು ಉದ್ಯೋಗಗಳು ಹುಟ್ಟುತ್ತವೆ. ಇಳಕಲ್ಲಿನ ಸೀರೆಗೆ ಒಪ್ಪುವ ಕುಪ್ಪಸದ ಖಣವನ್ನು ಗುಳೇದಗುಡ್ಡವು ನೇಯ್ದು ಕೊಟ್ಟಿತು. ಸೀರೆಯೊಂದು ಊರಿನದು, ಖಣವೊಂದು ಊರಿನದು. ಉಡುವವಳಿಗೆ ಎರಡೂ ಕೂಡಿಯೇ ಶೃಂಗಾರ. ಅಮೀನಗಡದಲ್ಲಿ ಅಂಟನ್ನು ಕರಿದು, ಬೆಲ್ಲ, ಕೊಬ್ಬರಿ, ಉತ್ತತ್ತಿ ಮೊದಲಾದವುಗಳನ್ನು ಕೂಡಿಸಿ ಮಾಡುವ ಕರದಂಟು ಬಾಣಂತಿಯ ಆರೈಕೆಯ ತಿನಿಸಾಗಿ, ಕ್ರಮೇಣ ಊರಿನ ಹೆಸರನ್ನೇ ದೂರದೂರಕ್ಕೆ ಒಯ್ಯುವ ವ್ಯಾಪಾರವಾಯಿತು. ಸಂತೆಗಳಲ್ಲಿ ನೂಲಿನ ಅಂಗಡಿ, ಬಣ್ಣದ ಅಂಗಡಿ, ಸೀರೆಯ ಸಾವುಕಾರರ ಅಂಗಡಿ, ಬಂಡಿ ಹೂಡುವವರ ಬಾಡಿಗೆ ಇವೆಲ್ಲವೂ ಮಗ್ಗದ ಸದ್ದನ್ನು ನಂಬಿ ನಿಂತವು. ಮಗ್ಗವು ನಿಂತ ದಿನ ಇವೆಲ್ಲವೂ ನಿಲ್ಲುತ್ತಿದ್ದವು.

ಹತ್ತೊಂಬತ್ತನೆಯ ಶತಮಾನವು ಈ ಸರಪಳಿಯ ಮೇಲೆ ಏಟಿನ ಮೇಲೆ ಏಟನ್ನು ಹಾಕಿತು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿಯು ದೊರೆಯದೆ, ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಬೆಳೆಯುವವನಿಗೆ ಅದು ಸುಗ್ಗಿ. ನೂಲುವವಳಿಗೂ ನೇಯುವವನಿಗೂ ಸಂಕಟ. ಯುದ್ಧವು ಮುಗಿದೊಡನೆ ಬೆಲೆಯು ಇಳಿಯಿತು. ೧೮೭೬-೭೮ರ ಮಹಾಕ್ಷಾಮದಲ್ಲಿ ಕಲಾದಗಿ ಜಿಲ್ಲೆಯು ಘೋರವಾದ ದುರವಸ್ಥೆಗೆ ಈಡಾಯಿತು. ಕ್ಷಾಮದಲ್ಲಿ ಜನರು ಮೊದಲು ಬಿಡುವದು ಹೊಸ ಬಟ್ಟೆಯನ್ನು; ಆದುದರಿಂದ ಒಕ್ಕಲಿಗನ ಹಗೇವು ಬರಿದಾಗುವ ಮೊದಲೇ ನೇಕಾರನ ಮಗ್ಗವು ನಿಲ್ಲುತ್ತದೆ. ೧೮೮೪ರಲ್ಲಿ ಹೋಟಗಿ-ಗದಗ ರೈಲುದಾರಿಯು ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಹಾಯ್ದುಹೋಯಿತು. ಅದು ನಮ್ಮ ಸೀರೆಗೆ ದೂರದ ಸಂತೆಯನ್ನು ತೆರೆಯಿತು; ಅಂತೆಯೇ ದೂರದ ಗಿರಣಿಯ ಬಟ್ಟೆಗೂ ನಮ್ಮ ಸಂತೆಯನ್ನು ತೆರೆಯಿತು. ೧೮೮೭ರಲ್ಲಿ ಗೋಕಾವಿಯ ಜಲಪಾತದ ಬಳಿಯಲ್ಲಿ ನೂಲಿನ ಗಿರಣಿಯು ಪ್ರಾರಂಭವಾಯಿತು.

ಗಿರಣಿಯ ನೂಲು ನಮ್ಮ ನಾಡಿನದಾಗಲಿ ವಿಲಾಯತಿಯದಾಗಲಿ, ಅದು ಬಂದೊಡನೆ ಮನೆಮನೆಯ ರಾಟೆಯು ಅಟ್ಟವನ್ನೇರಿತು. ವಿಧವೆಯರೂ ಮುದುಕಿಯರೂ ನಾಲ್ಕು ಕಾಸುಗಳನ್ನು ಗಳಿಸುತ್ತಿದ್ದ ದಾರಿಯು ಮುಚ್ಚಿತು. ಇತ್ತ ಬಣ್ಣದ ಗತಿಯೂ ಅದೇ ಆಯಿತು. ೧೮೬೯ರ ಸುಮಾರಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞರು ಬೇರಿನ ಕೆಂಪನ್ನು ಕಲ್ಲಿದ್ದಲಿನ ಡಾಂಬರಿನಿಂದ ತೆಗೆಯುವದನ್ನು ಕಂಡುಹಿಡಿದರು. ೧೮೯೭ರಲ್ಲಿ ಕೃತಕವಾದ ನೀಲಿಯು ಪೇಟೆಗೆ ಬಂದಿತು. ಸುರಂಜಿಯ ಬೇರನ್ನು ಅಗೆಯುವವರೂ, ತೊಟ್ಟಿಯ ಹದವನ್ನು ಬಲ್ಲವರೂ ಕ್ರಮೇಣ ಕೆಲಸವಿಲ್ಲದವರಾದರು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಸೆರಗಿಗೆ ಕೃತಕ ರೇಷ್ಮೆಯೂ ಬಂದಿತು. ಈ ಯಾವ ಬದಲಾವಣೆಯೂ ನೇಕಾರನ ಕುಣಿಯನ್ನು ಮುಚ್ಚಲಿಲ್ಲ. ಆದರೆ ಅವನ ಸುತ್ತಲಿನ ಕೈಗಳನ್ನು ಒಂದೊಂದಾಗಿ ಕಿತ್ತುಕೊಂಡಿತು. ನೂಲಿಗೂ ಬಣ್ಣಕ್ಕೂ ರೇಷ್ಮೆಗೂ ಮೊದಲು ಊರಿನವರ ಕೈಯನ್ನು ನೋಡುತ್ತಿದ್ದವನು ಈಗ ಪೇಟೆಯ ಕೈಯನ್ನು ನೋಡುವಂತಾಯಿತು. ನೂಲಿನ ಬೆಲೆಯು ಏರಿದರೆ ಅವನ ಮಜೂರಿಯು ಸೊರಗಿತು.

ಹಾಗಾದರೆ ಇಳಕಲ್ಲಿನ ಮಗ್ಗವು ಇಷ್ಟರ ನಡುವೆ ಉಳಿದುದು ಹೇಗೆ? ಕೊಂಡಿಯು ಅದಕ್ಕೆ ಒಂದು ಮುಖ್ಯ ಕಾರಣವೆಂದು ನನ್ನ ತಿಳುವಳಿಕೆ. ಯಂತ್ರವು ಗೆಲ್ಲುವದು ಉದ್ದವಾದ ಹಾಸಿನಲ್ಲಿ. ಪ್ರತಿಯೊಂದು ಸೀರೆಗೂ ನಿಂತು, ಸಾವಿರಾರು ಎಳೆಗಳನ್ನು ಕೈಯಿಂದ ಕೂಡಿಸಿ ಮತ್ತೆ ಹೊರಡಬೇಕಾದರೆ ಯಂತ್ರದ ವೇಗಕ್ಕೆ ಅರ್ಥವೇ ಇಲ್ಲ. ವಿದ್ಯುತ್ ಮಗ್ಗಗಳು ಇಳಕಲ್ಲಿನ ಸೀರೆಯ ಮಾದರಿಯನ್ನು ನೇಯ್ದು ಅಗ್ಗದ ಬೆಲೆಗೆ ಮಾರುತ್ತವೆ, ನಿಜ. ನೋಡುವದಕ್ಕೆ ಅವು ಹೋಲುತ್ತವೆ. ಆದರೆ ಒಡಲೂ ಸೆರಗೂ ಕೂಡುವ ಎಡೆಯನ್ನು ತಿರುವಿ ನೋಡಿದರೆ ಕೊಂಡಿಯುಳ್ಳ ಸೀರೆ ಯಾವುದು, ಇಲ್ಲದುದು ಯಾವುದು ಎಂಬುದು ತಿಳಿಯುತ್ತದೆ. ಲಾಭದ ದೃಷ್ಟಿಯಿಂದ ದೋಷವೆನಿಸಿದ ನಿಧಾನವೇ ಈ ಉದ್ಯೋಗಕ್ಕೆ ಬೇಲಿಯಾಯಿತು.

ಇನ್ನು ಬಂಡವಾಳದ ಪ್ರಶ್ನೆ. ಸಾವುಕಾರನು ನೂಲನ್ನು ಕೊಡುತ್ತಾನೆ; ನೇಕಾರನು ಸೀರೆಯನ್ನು ನೇಯ್ದು ಕೊಟ್ಟು ಮಜೂರಿಯನ್ನು ಪಡೆಯುತ್ತಾನೆ. ಮದುವೆ, ಬೇನೆ, ಮಳೆಗಾಲಗಳಲ್ಲಿ ಮುಂಗಡವನ್ನು ಪಡೆದು, ಆ ಮುಂಗಡವನ್ನು ಮಜೂರಿಯಲ್ಲಿ ತೀರಿಸುತ್ತ ತೀರಿಸುತ್ತ ಮತ್ತೆ ಪಡೆಯುತ್ತಾನೆ. ಸಾವುಕಾರರೆಲ್ಲರೂ ಕೆಟ್ಟವರೆಂದು ನಾನು ಹೇಳುವದಿಲ್ಲ. ಮಾರಾಟವಾಗದೆ ಉಳಿದ ಸೀರೆಯ ನಷ್ಟವನ್ನು ಹೊರುವವರು ಅವರೇ. ಅವರಿಲ್ಲದಿದ್ದರೆ ಎಷ್ಟೋ ಮಗ್ಗಗಳು ಎಂದೋ ನಿಲ್ಲುತ್ತಿದ್ದವು. ಆದರೆ ಒಬ್ಬನೇ ನೂಲನ್ನು ಕೊಡುವವನೂ, ಬೆಲೆಯನ್ನು ಕಟ್ಟುವವನೂ, ಸಾಲವನ್ನು ಕೊಡುವವನೂ ಆದಲ್ಲಿ ದುಡಿಯುವವನಿಗೆ ಮಾತನಾಡಲು ಎಡೆಯೇ ಉಳಿಯುವದಿಲ್ಲ. ಲಕ್ಕಮ್ಮನವರ ಅಳತೆಗೋಲನ್ನು ಇಲ್ಲಿ ಇಟ್ಟು ನೋಡಬೇಕು: ಯಾರ ಪಾಲು ಎಷ್ಟು? ಮೀರಿದುದು ಯಾರದು?

ಇದಕ್ಕೆ ಉತ್ತರವನ್ನು ನಮ್ಮ ನೆರೆಯ ನಾಡೇ ತೋರಿಸಿಕೊಟ್ಟಿದೆ. ೧೯೦೪ರಲ್ಲಿ ಸಹಕಾರ ಸಂಘಗಳ ಕಾಯಿದೆಯು ಬಂದ ಮರುವರ್ಷವೇ, ಎಂದರೆ ೧೯೦೫ರಲ್ಲಿ, ಗದಗ ತಾಲೂಕಿನ ಕಣಗಿನಹಾಳವೆಂಬ ಸಣ್ಣ ಹಳ್ಳಿಯಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯಂತೆ ದೇಶದಲ್ಲಿ ಹುಟ್ಟಿದ ಮೊದಲನೆಯ ಕೃಷಿ ಸಹಕಾರ ಸಂಘವೆಂದು ಅದು ಪ್ರಸಿದ್ಧವಾಗಿದೆ. ರಾಜಧಾನಿಯಲ್ಲಿ ಅಲ್ಲ, ದೊಡ್ಡ ಪೇಟೆಯಲ್ಲಿ ಅಲ್ಲ, ಹಳ್ಳಿಯ ಒಕ್ಕಲಿಗರ ನಡುವೆ ಅದು ಹುಟ್ಟಿತು. ಅಯ್ಯಾವೊಳೆಯ ವರ್ತಕರು ಕೂಡಿದುದು ಸರಕಿಗಾಗಿ. ಕಣಗಿನಹಾಳದ ಒಕ್ಕಲಿಗರು ಕೂಡಿದುದು ಸಾಲದಿಂದ ಬಿಡುಗಡೆಗಾಗಿ. ನೇಕಾರರಿಗೂ ಈ ದಾರಿಯು ಮುಚ್ಚಿಲ್ಲ. ಅನೇಕ ಊರುಗಳಲ್ಲಿ ನೇಕಾರರ ಸಂಘಗಳು ಹುಟ್ಟಿವೆ. ಲೆಕ್ಕವು ಶುದ್ಧವಾಗಿದ್ದಲ್ಲಿ ಬಾಳಿವೆ, ಲೆಕ್ಕವು ಕೆಟ್ಟಲ್ಲಿ ಅಳಿದಿವೆ. ಸರಕಾರವೂ ೧೯೮೫ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ಮಾಡಿತು. ಮುಂದೆ ಇಳಕಲ್ಲಿನ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕಾಯಿದೆಯು ಬೇಲಿಯನ್ನು ಹಾಕಬಲ್ಲದು. ಬೇಲಿಯ ಒಳಗೆ ಬೆಳೆಯನ್ನು ಬೆಳೆಯಬೇಕಾದವರು ನಾವು.

ಈಗಿನ ಸ್ಥಿತಿಯನ್ನು ಮುಚ್ಚಿಡದೆ ಹೇಳುತ್ತೇನೆ. ನೇಕಾರರ ಮಕ್ಕಳಲ್ಲಿ ಅನೇಕರು ಮಗ್ಗದ ಮೇಲೆ ಕುಳಿತುಕೊಳ್ಳಲು ಒಪ್ಪುವದಿಲ್ಲ. ಅವರನ್ನು ದೂರಬಾರದು. ಮುಂಜಾನೆಯಿಂದ ಸಂಜೆಯ ವರೆಗೆ ತಂದೆಯು ದುಡಿದು, ತಾಯಿಯು ಕಂಡಿಕೆಯನ್ನು ಸುತ್ತಿ, ಅಕ್ಕನು ಕೊಂಡಿಯನ್ನು ಕೂಡಿಸಿ, ಮೂವರ ದುಡಿಮೆಗೆ ಒಬ್ಬನ ಕೂಲಿಯು ಬರುವದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಮಜೂರಿಯ ಲೆಕ್ಕದಲ್ಲಿ ತಾಯಿಯ ಹೆಸರಿಲ್ಲ, ಅಕ್ಕನ ಹೆಸರಿಲ್ಲ. ಮಗ್ಗಕ್ಕೆ ಯಂತ್ರದ ಭಯವಿದೆಯೆಂದು ನಾವೆಲ್ಲ ಹೇಳುತ್ತೇವೆ. ಆದರೆ ಕೊಂಡಿಯನ್ನು ಹಾಕುವ ಕೈಗೆ ಬೆಲೆಯಿಲ್ಲದಿರುವದೇ ಅದಕ್ಕಿಂತ ಹೆಚ್ಚಿನ ಭಯವು. ನೂಲುವ ಕೈಯು ಹೋಯಿತು, ಬಣ್ಣದ ಕೈಯು ಹೋಯಿತು. ಕೂಡಿಸುವ ಕೈಯೂ ಹೋದರೆ ಸೀರೆಯ ಹೆಸರೊಂದೇ ಉಳಿದೀತು. ಇತ್ತ ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲಿಗೆ ಹೊರದೇಶಗಳಲ್ಲಿಯೂ ಬೇಡಿಕೆಯುಂಟಾಗಿ ಅನೇಕರಿಗೆ ಉದ್ಯೋಗವು ದೊರೆತಿದೆ. ಅದು ಸಂತೋಷದ ಸಂಗತಿಯೇ. ಆದರೆ ಗುಡ್ಡದಿಂದ ಒಮ್ಮೆ ತೆಗೆದ ಕಲ್ಲು ಮತ್ತೆ ಬೆಳೆಯುವದಿಲ್ಲ. ಕೈಯ ವಿದ್ಯೆಯಾದರೋ ಕಲಿಸಿದಷ್ಟೂ ಬೆಳೆಯುತ್ತದೆ.

ಆದುದರಿಂದ ಈ ಮಹಾಸಭೆಯ ಮುಂದೆ ಮೂರು ವಿನಂತಿಗಳನ್ನು ಇಡಲು ಅನುಮತಿಯನ್ನು ಬೇಡುತ್ತೇನೆ. ಮೊದಲನೆಯದು: ಭಕ್ತರು ಮದುವೆ, ಸೀಮಂತ, ಜಾತ್ರೆಗಳಿಗೆ ಸೀರೆಯನ್ನು ಕೊಳ್ಳುವಾಗ ಸೆರಗನ್ನು ತಿರುವಿ ಕೊಂಡಿಯನ್ನು ನೋಡಿ ಕೊಳ್ಳಬೇಕು. ಇದು ಕೇವಲ ಪರೀಕ್ಷೆಯಲ್ಲ, ಒಬ್ಬ ತಾಯಿಯ ದುಡಿಮೆಗೆ ತೋರುವ ಗೌರವವು. ಎರಡನೆಯದು: ನೇಕಾರರ ಸಂಘಗಳು ಮಜೂರಿಯನ್ನು ಬರೆಯುವಾಗ ನೇಯ್ಗೆಯ ಕೂಲಿ, ಕೊಂಡಿಯ ಕೂಲಿ, ಕಂಡಿಕೆಯ ಕೂಲಿಗಳನ್ನು ಬೇರೆ ಬೇರೆಯಾಗಿ ಬರೆದು, ದುಡಿದವರ ಕೈಗೇ ಕೊಡುವ ಪದ್ಧತಿಯನ್ನು ಹಾಕಿಕೊಳ್ಳಬೇಕು. ಹೆಸರಿಲ್ಲದ ದುಡಿಮೆಯು ಕಾಯಕದ ತತ್ತ್ವಕ್ಕೆ ಒಪ್ಪುವದಿಲ್ಲ. ಮೂರನೆಯದು: ಮಠಗಳ ಆಶ್ರಯದಲ್ಲಿರುವ ವಿದ್ಯಾಲಯಗಳಲ್ಲಿ ಮಗ್ಗ, ಬಣ್ಣ, ಲೆಕ್ಕ ಈ ಮೂರನ್ನೂ ಕೂಡಿಸಿ ಕಲಿಸಬೇಕು. ನೇಯಲು ಬಂದು ಲೆಕ್ಕ ಬಾರದವನು ಸಾಲಗಾರನಾಗುತ್ತಾನೆ. ಲೆಕ್ಕ ಬಂದು ನೇಯಲು ಬಾರದವನು ದಲಾಲನಾಗುತ್ತಾನೆ. ಎರಡೂ ಬಲ್ಲವನು ಯಜಮಾನನಾಗುತ್ತಾನೆ.

ಮಠವು ಇಂಥ ಲೌಕಿಕ ಕಾರ್ಯಗಳಲ್ಲಿ ಕೈಹಾಕಬಹುದೇ ಎಂದು ಯಾರೂ ಸಂಶಯಪಡಬೇಕಾಗಿಲ್ಲ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಪೂಜ್ಯ ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಜೋಳಿಗೆಯನ್ನು ಹಿಡಿದು ಹೊರಟಾಗ ಬೇಡಿದುದು ಧಾನ್ಯವನ್ನಲ್ಲ, ಹಣವನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತಕ್ಕೆ ಹೋಗುತ್ತಿದ್ದ ಕೂಲಿಯು ಮನೆಗೆ ಬಂದರೆ ಅದೂ ಒಂದು ಬಂಡವಾಳವೆಂಬುದನ್ನು ಅವರು ತೋರಿಸಿಕೊಟ್ಟರು. ೨೦೧೮ರಲ್ಲಿ ಅವರು ಲಿಂಗೈಕ್ಯರಾದರು. ಅವರು ಜನಿಸಿದ ಅಗಸ್ಟ್ ೧ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಮಹಾಂತ ಜೋಳಿಗೆಯು ದುಡಿಮೆಯ ಫಲವು ಸೋರಿಹೋಗದಂತೆ ಕಾಯ್ದಿತು. ದುಡಿಮೆಗೆ ತಕ್ಕ ಫಲವು ದೊರೆಯುವಂತ ಮಾಡುವ ಕೆಲಸವು ಇನ್ನೂ ಉಳಿದಿದೆ.

ಶರಣಬಂಧುಗಳೇ, ನಮ್ಮ ಹಿರಿಯರು ದೊಡ್ಡ ಬಂಡವಾಳಗಾರರಾಗಿರಲಿಲ್ಲ. ಮಳೆಯು ಕೈಕೊಡುವ ನೆಲದಲ್ಲಿ, ಅವರು ಒಬ್ಬರ ಎಳೆಯನ್ನು ಇನ್ನೊಬ್ಬರ ಎಳೆಗೆ ಕೂಡಿಸಿ ಬಾಳಿದರು. ಹತ್ತಿಯೂ ರೇಷ್ಮೆಯೂ ಬೇರೆಯಾದರೂ ಒಂದೇ ಸೀರೆಯಾಗಬಲ್ಲವು. ಸಿರಿವಂತನೂ ದುಡಿಯುವವನೂ ಬೇರೆಯಾದರೂ ಒಂದೇ ಸಮಾಜವಾಗಬಲ್ಲರು, ಆದರೆ ನಡುವಿನ ಕೊಂಡಿಯು ಬಿಗಿಯಾಗಿರಬೇಕು. ಆ ಕೊಂಡಿಯು ನ್ಯಾಯವಾದ ಕೂಲಿ, ಶುದ್ಧವಾದ ಲೆಕ್ಕ, ದುಡಿಯುವ ಕೈಯ ಮೇಲಿನ ಗೌರವ. ಶ್ರೀಮಠದ ಆಶೀರ್ವಾದದಿಂದ ಈ ಮೂರೂ ನಮ್ಮ ಸೀಮೆಯಲ್ಲಿ ನೆಲೆಗೊಳ್ಳಲೆಂದು ಪ್ರಾರ್ಥಿಸುತ್ತೇನೆ.